ಮಳವಳ್ಳಿ ಹಸುವಿಗೆ ಒಂದು ಕೋಡೆಕ್

ಫೋನು ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಟೀ ಕುಡಿಯುತ್ತಾರೆ. ಬಿಸ್ಕತ್ತು ಬೇಡ ಬೇಡ ಎನ್ನುತ್ತಲೇ ತಟ್ಟೆ ಖಾಲಿ ಮಾಡುತ್ತಾರೆ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ.

“ಮೇಡಂ, ಇಂಟರ್ನೆಟ್ ಫೋನಿಗೆ ಯಾವ ಕೋಡೆಕ್ ಒಳ್ಳೇದು?”

“ಆ ಕಡೆ ಯಾರಿರ್ತಾರೆ?” ಎಂದು ನಾನು ಕೇಳುತ್ತೇನೆ.

“ಯಾರಿರ್ತಾರೆ ಮೇಡಂ, ಮನುಷ್ಯರೇ ಇರ್ತಾರೆ.”

“ಅಷ್ಟು ಧೈರ್ಯವಾಗಿ ಹೇಳಬೇಡಿ” ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಶಾಲು ಈಗ ಮಿಕ್ಸಿಯ ಮೇಲಿದೆ, ಚೆನ್ನಾಗಿಯೇ ಇದೆ.

ನಮ್ಮದು ದನಕರುಗಳ ಹಿಂಡಿ, ಬೂಸಾ ತಯಾರಿಸುವ ಖಾಸಗಿ ಕಂಪನಿ. ಹೆಸರು ಬೇಡ, ಇನ್ನೂ ನಡೆಯುತ್ತಿದೆ. ಮಂಡ್ಯದಲ್ಲಿ ಆಫೀಸು, ಮದ್ದೂರಿನಲ್ಲೊಂದು ಮಳವಳ್ಳಿಯಲ್ಲೊಂದು ಡಿಪೋ, ಬೆಂಗಳೂರಿನಲ್ಲಿ ಮಾಲೀಕರು. ಮಂಡ್ಯದ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅಬ್ಬಾ ಸತ್ತ ಮೇಲೆ ನಾನು ಆ ಕಂಪನಿಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ನನ್ನ ಹೆಸರು ಶಕೀಲಾ. ಮನೆಯಲ್ಲಿ ಉರ್ದು, ಫೋನಿನಲ್ಲಿ ಮಂಡ್ಯದ ಕನ್ನಡ, ಮ್ಯಾನೇಜರ್ ಸಾಹೇಬರ ಎದುರಿಗೆ ಮೌನ: ಹೀಗೆ ಮೂರು ಭಾಷೆ ಬರುತ್ತಿತ್ತು.

ಆಗ ಒಂದು ಬೋರ್ಡು, ಅದರ ತುಂಬ ಗುಂಡಿಗಳು. ಯಾರು ಯಾವ ಊರಿನಿಂದ ಮಾತಾಡುತ್ತಿದ್ದಾರೆಂದು ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯುತ್ತಿತ್ತು. ಮದ್ದೂರಿನ ಲೈನಿನ ಹಿಂದೆ ರೈಲು, ಮಳವಳ್ಳಿಯ ಲೈನಿನ ಹಿಂದೆ ಬಸ್ಸು. ನಮ್ಮ ಮಳವಳ್ಳಿ ಡಿಪೋ ಬಸ್ ನಿಲ್ದಾಣದ ಪಕ್ಕದಲ್ಲೇ. ಅಲ್ಲಿನ ಖಾಸಗಿ ಬಸ್ಸಿನವರು ಹಾರನ್ ಒತ್ತಿದರೆ ನಮ್ಮ ಮಂಡ್ಯದ ಕಿಟಕಿ ಗಾಜು ಅಲುಗಿತೇನೋ ಅನ್ನಿಸಬೇಕು, ಹಾಗೆ.

ಕಂಪನಿ ಹಿಂಡಿಯ ಜೊತೆಗೆ ಒಂದು ಸೌಲಭ್ಯವನ್ನೂ ಕೊಡುತ್ತಿತ್ತು. ಹಿಂಡಿ ಕೊಳ್ಳುವವರ ದನಕ್ಕೆ ಕಾಯಿಲೆಯಾದರೆ ಡಿಪೋಗೆ ಕರೆತರಬಹುದು, ಕಂಪನಿಯ ಡಾಕ್ಟರು ಬಂದು ನೋಡುತ್ತಾರೆ. ಆದರೆ ಡಿಪೋ ಎರಡು, ಡಾಕ್ಟರು ಒಬ್ಬರು, ಜೀಪೂ ಒಂದೇ. ಪ್ರಭುಸ್ವಾಮಿ ಅಂತ ಅವರ ಹೆಸರು. ಯಾವ ಕಡೆ ಮೊದಲು ಹೋಗಬೇಕೆಂದು ಅವರು ಮಂಡ್ಯದಲ್ಲಿ ಕುಳಿತೇ ತೀರ್ಮಾನಿಸಬೇಕು. ಅದಕ್ಕೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ದನದ ಯಜಮಾನರನ್ನು ಎರಡು ಪ್ರಶ್ನೆ ಕೇಳಿ, “ಸರಿ, ಈಗ ಅದಕ್ಕೇ ಕೊಡಿ ಫೋನು” ಎನ್ನುತ್ತಿದ್ದರು. ಮಳವಳ್ಳಿ ಡಿಪೋದ ಗುಮಾಸ್ತ ಮಹದೇವ ಕಾರ್ಡ್‌ಲೆಸ್ ಫೋನನ್ನು ಅಂಗಳಕ್ಕೆ ಒಯ್ದು ಎಮ್ಮೆಯ ಮೂಗಿಗೋ ಹಸುವಿನ ಕೊರಳಿಗೋ ಹಿಡಿಯುತ್ತಿದ್ದ. ಡಾಕ್ಟರು ಇಲ್ಲಿ ಕಣ್ಣು ಮುಚ್ಚಿಕೊಂಡು ಕೆಮ್ಮು, ಉಬ್ಬಸ, ಹಲ್ಲು ಕಡಿಯುವ ಸದ್ದು ಎಲ್ಲ ಕೇಳಿಸಿಕೊಂಡು, ಹೊರಡಬೇಕೋ ನಾಳೆಗೆ ಆಗುತ್ತದೋ ಹೇಳುತ್ತಿದ್ದರು. ನಾನು ಕರೆ ಕೊಡುವಾಗ “ಡಾಕ್ಟ್ರೇ, ಎಮ್ಮೆ ಲೈನಲ್ಲಿದೆ” ಎನ್ನುತ್ತಿದ್ದೆ. ಹೊಸಬರು ನಕ್ಕರೆ ನಾವು ನಗುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು.

ಒಮ್ಮೆ ಮಾತ್ರ ಗುಂಡಿ ತಪ್ಪಿ, ಡಾಕ್ಟರಿಗೆ ಹೋಗಬೇಕಾದ ಎಮ್ಮೆ ಮ್ಯಾನೇಜರ್ ರಾಮಕೃಷ್ಣಯ್ಯನವರಿಗೆ ಹೋಯಿತು. ಸಾಹೇಬರು ಫೋನೆತ್ತಿದರು. ಆ ಕಡೆ ಭಾರವಾದ ಉಸಿರು. ಬೆಂಗಳೂರಿನ ಮಾಲೀಕರಿಗೆ ಸಿಟ್ಟು ಬಂದಾಗ ಹೀಗೇ ಮೊದಲು ಉಸಿರು ಬಿಟ್ಟು ಆಮೇಲೆ ಬೈಯುವ ಅಭ್ಯಾಸ. ಸಾಹೇಬರು ಎದ್ದು ನಿಂತು “ಸಾರ್, ತಪ್ಪಾಯ್ತು ಸಾರ್, ಈ ತಿಂಗಳು ಸರಿ ಮಾಡ್ತೀನಿ ಸಾರ್” ಎಂದರು. ಎಮ್ಮೆ ಇನ್ನೊಂದು ಉಸಿರು ಬಿಟ್ಟಿತು. “ನನ್ನದೇ ಜವಾಬ್ದಾರಿ ಸಾರ್” ಎಂದರು. ನಾನು ಬೋರ್ಡಿನಲ್ಲಿ ಕೇಳುತ್ತ, ಮಧ್ಯೆ ಬಾಯಿ ಹಾಕಿದರೆ ಇಬ್ಬರಿಗೂ ಅವಮಾನವಾಗುತ್ತದೆಂದು ಸುಮ್ಮನಿದ್ದೆ. ಕೊನೆಗೆ ಎಮ್ಮೆಯೇ ಒಂದು ಸಲ ಸ್ಪಷ್ಟವಾಗಿ ತನ್ನ ಪರಿಚಯ ಹೇಳಿಕೊಂಡಿತು. ಅಂದಿನಿಂದ ಸಾಹೇಬರಿಗೆ ದನಗಳು ಫೋನಿನಲ್ಲಿ ಮಾತಾಡುವುದೆಂದರೆ ಆಗುತ್ತಿರಲಿಲ್ಲ.

ಕಾಲ ಬದಲಾಯಿತು. ಬೋರ್ಡು ಹೋಗಿ ಕಂಪ್ಯೂಟರ್ ಬಂತು. ಊರಿಂದೂರಿಗೆ ಟೆಲಿಫೋನ್ ಬಿಲ್ಲು ಕಟ್ಟುವ ಬದಲು ಇಂಟರ್ನೆಟ್ ಮೇಲೇ ಮಾತಾಡಬಹುದು ಎಂದು ಯಾರೋ ಸಾಹೇಬರ ಕಿವಿಗೆ ಹಾಕಿದರು. ನನ್ನನ್ನು ಮೈಸೂರಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ಈ ಕೋಡೆಕ್.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಆಡಿದ ಮಾತನ್ನು ಅಂಕಿಗಳಾಗಿ ಮಾಡಿ, ಗಾತ್ರ ತಗ್ಗಿಸಿ, ಇಂಟರ್ನೆಟ್‌ನಲ್ಲಿ ಸಾಗಿಸಿ, ಆ ಕಡೆ ಮತ್ತೆ ದನಿಯಾಗಿ ಬಿಚ್ಚುವ ಲೆಕ್ಕಾಚಾರಕ್ಕೆ ಕೋಡೆಕ್ ಎನ್ನುತ್ತಾರೆ. ಕಬ್ಬಿನ ಹಾಲನ್ನು ಹಾಗೇ ಕ್ಯಾನಿಗೆ ತುಂಬಿ ಕಳಿಸಬಹುದು, ಆದರೆ ಲಾರಿ ತುಂಬ ಅದೇ ಆಗುತ್ತದೆ. ಇಲ್ಲವೇ ಕಾಯಿಸಿ ಬೆಲ್ಲ ಮಾಡಿ ಅಚ್ಚು ಕಳಿಸಬಹುದು. ಅಲ್ಲಿನವರು ನೀರಿಗೆ ಹಾಕಿ ಕದಡಿದರೆ ಸಿಹಿ ಬರುತ್ತದೆ, ಕಬ್ಬಿನ ಹಾಲಿನ ಹಸಿ ಘಮ ಬರುವುದಿಲ್ಲ. ನಮ್ಮ ಎದುರಿಗೆ ಇದ್ದದ್ದು ಇಂಥ ಎರಡು. ಜಿ.711 ಎಂಬುದು ದನಿಯನ್ನು ಹೆಚ್ಚುಕಮ್ಮಿ ಇದ್ದಂತೆಯೇ ಸಾಗಿಸುತ್ತದೆ, ಜಾಗ ಬಹಳ ತಿನ್ನುತ್ತದೆ. ಜಿ.729 ಎಂಬುದು ಮನುಷ್ಯರ ಗಂಟಲಿನ ಅಳತೆ ಹಿಡಿದು ಹೊಲಿದದ್ದು. ಮಾತನ್ನು ತೀರ ಚಿಕ್ಕದು ಮಾಡಿ ಕಳಿಸುತ್ತದೆ. ನಾನು ಕಬ್ಬಿನ ಕಥೆ ಹೇಳಿದ್ದೇ ತಪ್ಪಾಯಿತು, ಮಹದೇವ ಮೊದಲನೆಯದಕ್ಕೆ ‘ಆಲು’, ಅಂದರೆ ಹಾಲು, ಎರಡನೆಯದಕ್ಕೆ ‘ಬೆಲ್ಲ’ ಎಂದು ಹೆಸರಿಟ್ಟ, ಕಂಪನಿಯಲ್ಲಿ ಅದೇ ಉಳಿಯಿತು.

ಪರೀಕ್ಷೆಯನ್ನು ಸಾಹೇಬರೇ ನಡೆಸಿದರು. ತಾವು ಮಂಡ್ಯದಲ್ಲಿ ಕುಳಿತು, ಫೋನು ಮಾರಲು ಬಂದವನನ್ನು ಮದ್ದೂರಿಗೆ ಕಳಿಸಿ, ಅವನ ಕಿವಿಗೆ ಅಂದಿನ ಪತ್ರಿಕೆಯ ಸಂಪಾದಕೀಯವನ್ನು ಪೂರ್ತಿ ಓದಿದರು. “ಹೇಗೆ ಕೇಳಿಸ್ತು?” ಎಂದರು. “ಅದ್ಭುತ ಸಾರ್” ಎಂದ, ಮಾರಲು ಬಂದವನು ಇನ್ನೇನು ಹೇಳಿಯಾನು. ಬೆಲ್ಲವೇ ಪಾಸಾಯಿತು. ಜೊತೆಗೆ ಅವನು ಒಂದು ಉಚಿತ ಸೌಲಭ್ಯವನ್ನೂ ಹಾಕಿಕೊಟ್ಟ. ಮಾತಿನಂತಿಲ್ಲದ ಸದ್ದನ್ನೆಲ್ಲ ಗದ್ದಲವೆಂದು ತಿಳಿದು ಒರೆಸಿಹಾಕುವುದು, ಯಾರೂ ಮಾತಾಡದಿದ್ದಾಗ ಏನನ್ನೂ ಕಳಿಸದೆ ಸುಮ್ಮನಿರುವುದು. ಸಾಹೇಬರು ರಿಸೀವರ್ ಕಿವಿಗಿಟ್ಟು “ಆಹಾ, ಶಕೀಲಾ, ಕೇಳಿ ಇಲ್ಲಿ, ಏನೂ ಕೇಳಿಸೋದೇ ಇಲ್ಲ!” ಎಂದು ಸಂತೋಷಪಟ್ಟರು. ಫೋನು ಕೊಂಡು ಹಾಗೆ ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆ ಒಂದೊಂದಾಗಿ ಬಂತು. ಮೊದಲನೆಯದು ನಾದಸ್ವರದ್ದು. ಕರೆ ಕಾಯುವವರಿಗೆ ಬೇಸರವಾಗದಿರಲೆಂದು ನಾನೇ ಒಂದು ನಾದಸ್ವರದ ರೆಕಾರ್ಡು ಹಾಕಿದ್ದೆ. ಮನುಷ್ಯರ ಗಂಟಲಿಗೆಂದು ಹೊಲಿದ ಅಂಗಿಯನ್ನು ನಾದಸ್ವರಕ್ಕೆ ತೊಡಿಸಿದರೆ ಏನಾಗಬೇಕೋ ಅದೇ ಆಯಿತು. ಮದ್ದೂರು ಡಿಪೋದಿಂದ ಒಬ್ಬ ರೈತರು ಸ್ವಲ್ಪ ಹೊತ್ತು ಕಾದು, ನಾನು ಫೋನೆತ್ತಿದ ಕೂಡಲೇ ಕಳವಳದಿಂದ ಹೇಳಿದರು: “ಅಲ್ಯಾರೋ ಗೊಳೋ ಅಂತ ಅಳ್ತಾ ಅವ್ರಲ್ಲವ್ವ. ಮೊದ್ಲು ಅವ್ರನ್ನ ವಸಿ ಸಮಾದಾನ ಮಾಡಿ. ನಮ್ದೇನು, ಬೂಸಾ ಇಸ್ಯ, ನಾಳೀಕೆ ಮಾಡ್ತೀನಿ ಬುಡಿ.”

ಎರಡನೆಯದು ಹೂಂಗುಟ್ಟುವುದು. ನಮ್ಮ ಸೀಮೆಯಲ್ಲಿ ಮಾತಾಡುವವನಿಗೆ ಎಷ್ಟು ಕೆಲಸವೋ ಕೇಳುವವನಿಗೂ ಅಷ್ಟೇ ಕೆಲಸ. ಅವನು ನಡುನಡುವೆ ಹ್ಞೂಂ, ಹ್ಞೂಂ ಎನ್ನುತ್ತಿರಬೇಕು. ಅನ್ನದಿದ್ದರೆ ಒಂದೋ ಸಿಟ್ಟಾಗಿದ್ದಾನೆ, ಇಲ್ಲವೇ ನಿದ್ದೆ ಹೋಗಿದ್ದಾನೆ. ಮದ್ದೂರಿನ ಗುಮಾಸ್ತ ಶಿವಣ್ಣನ ಹ್ಞೂಂ ಮೊದಲೇ ಮೆತ್ತಗೆ, ಮೂಗಿನೊಳಗಿಂದ ಬರುವಂಥದ್ದು. ಹೊಸ ಫೋನು ಅದನ್ನು ಮಾತೆಂದು ಒಪ್ಪಲೇ ಇಲ್ಲ. ಸಾಹೇಬರು ಇಲ್ಲಿಂದ ಮೂಟೆಗಳ ಲೆಕ್ಕ ಹೇಳುತ್ತ ಹೋದರೆ ಆ ಕಡೆ ಸ್ಮಶಾನ ಮೌನ. “ಇದ್ದೀಯೇನಯ್ಯಾ?” “ಇವ್ನಿ ಸಾರ್.” ಎರಡು ಮೂಟೆ ಮುಂದೆ ಹೋದರೆ ಮತ್ತೆ “ಇದ್ದೀಯಾ?” “ಇಲ್ಲೇ ಇವ್ನಿ ಸಾರ್.” ಹತ್ತು ನಿಮಿಷದ ಮಾತು ಅರ್ಧ ಗಂಟೆ ಹಿಡಿಯತೊಡಗಿತು.

ಶಿವಣ್ಣ ದಡ್ಡನಲ್ಲ. ತಾನಿದ್ದರೂ ಇಲ್ಲದಿದ್ದರೂ ಸದ್ದು ಒಂದೇ ಎಂದು ಅವನಿಗೆ ಬೇಗ ತಿಳಿಯಿತು. ಸಾಹೇಬರು ಬೈಯಲು ಶುರು ಮಾಡಿದರೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು ಬರುತ್ತಿದ್ದ. ಒಂದು ದಿನ ಸಾಹೇಬರು ಬೈದು ಬೈದು ದಣಿದು, ಕೊನೆಗೆ ಮನಸ್ಸು ಕರಗಿ, “ಏನೇ ಆದರೂ ಶಿವಣ್ಣ, ನಿನ್ನಂಥ ನಂಬಿಕಸ್ತ ನನಗೆ ಸಿಗೋದಿಲ್ಲ ಕಣಯ್ಯ” ಎಂದರು. ಅವರ ಸೇವಾವಧಿಯಲ್ಲಿ ಅವರು ಯಾರನ್ನಾದರೂ ಹೊಗಳಿದ್ದು ಅದೊಂದೇ ಸಲ. ಶಿವಣ್ಣ ಟೀ ಅಂಗಡಿಯಲ್ಲಿದ್ದ.

ನಾನು ಹೋಗಿ ಹೇಳಿದೆ. “ಸಾರ್, ಬೆಲ್ಲ ತೆಗೆದು ಹಾಲು ಹಾಕೋಣ. ಆ ಗದ್ದಲ ಒರೆಸೋದನ್ನೂ ನಿಲ್ಲಿಸೋಣ. ಹ್ಞೂಂ ಅನ್ನೋದು ಕೇಳಿಸುತ್ತೆ.”

“ಜಾಗ ಎಷ್ಟು ತಿನ್ನುತ್ತೆ?”

“ಜಾಸ್ತಿ. ಮಳವಳ್ಳಿ ಇಂಟರ್ನೆಟ್ ಸಣ್ಣದು. ಒಬ್ಬರು ಹಾಲಿನಲ್ಲಿ ಮಾತಾಡಿದರೆ ಇನ್ನೊಬ್ಬರ ಮಾತು ಒಡೆಯಬಹುದು.”

“ಅಂದ್ರೆ ಹ್ಞೂಂ ಅನ್ನೋದಕ್ಕೆ ನಾನು ಹೊಸ ಲೈನು ಎಳೆಸಬೇಕಾ? ಹೋಗ್ರಿ ಕೆಲಸ ನೋಡಿ.”

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲೂ ಅರ್ಥವಿತ್ತು. ಕೋಡೆಕ್ ಆರಿಸುವುದೆಂದರೆ ಒಳ್ಳೆಯದನ್ನು ಆರಿಸುವುದಲ್ಲ. ಏನು ಹಾಳಾದರೆ ಪರವಾಗಿಲ್ಲ ಎಂದು ಆರಿಸುವುದು. ಮೈಸೂರಿನ ತರಬೇತಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ, ನಿಮಗೂ ಯಾರೂ ಹೇಳುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪೂರಿಗಾಲಿಯ ಚಿಕ್ಕತಾಯಮ್ಮ ತಮ್ಮ ಹಸುವನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಳವಳ್ಳಿ ಡಿಪೋಗೆ ಬಂದರು. ಜೊತೆಯಲ್ಲಿ ಅವರ ಗಂಡ. ಗಂಡ ಮಾತಾಡುವವರಲ್ಲ, ಆ ಖಾತೆ ಪೂರ್ತಿ ಚಿಕ್ಕತಾಯಮ್ಮನವರದೇ. ಹಸು ಗಬ್ಬದ್ದು, ಮನೆಯಲ್ಲೇ ಹುಟ್ಟಿ ಬೆಳೆದದ್ದು. ಹೊಸ ಫೋನು ಬಂದ ಮೇಲೆ ದನದ ಸದ್ದು ಕೇಳಬೇಕಾಗಿ ಬಂದದ್ದು ಅದೇ ಮೊದಲು. ಅದೇ ದಿನ ರಾಮಕೃಷ್ಣಯ್ಯನವರೂ ತನಿಖೆಗೆಂದು ಮಳವಳ್ಳಿಗೆ ಹೋಗಿ ಡಿಪೋದ ಒಳಕೋಣೆಯಲ್ಲಿ ಕುಳಿತಿದ್ದರು. ಹೊಸ ಫೋನಿನಲ್ಲಿ ಬೆಂಗಳೂರಿನ ಮಾಲೀಕರಿಗೆ ಹೊಸ ಫೋನಿನ ಗುಣಗಾನ ಮಾಡುತ್ತಿದ್ದರು.

ಡಾಕ್ಟರು ಮಂಡ್ಯದಲ್ಲಿ ಜೀಪಿನ ಕೀ ಹಿಡಿದು ಮದ್ದೂರಿಗೆ ಹೊರಟಿದ್ದರು. ಅಲ್ಲಿ ಎರಡು ಎಮ್ಮೆಗಳಿಗೆ ಕೆಚ್ಚಲು ಬಾವು. ಮಳವಳ್ಳಿಯ ಕರೆ ಬಂದಾಗ ನನ್ನ ಮೇಜಿನ ಹತ್ತಿರವೇ ನಿಂತಿದ್ದರಿಂದ ಸ್ಪೀಕರ್ ಹಾಕಿ ಕೊಟ್ಟೆ.

“ಡಾಕ್ಟ್ರೇ, ಪೂರಿಗಾಲಿ ಚಿಕ್ಕತಾಯಮ್ಮೋರು ಬಂದವ್ರೆ” ಎಂದ ಮಹದೇವ. “ಅಸ ಮೇವು ಬುಟ್ಬುಟ್ಟದಂತೆ. ಬೆನ್ನು ಗೂನ್ ಮಾಡ್ಕಂಡು ನಿಂತದೆ.”

“ಇಳಿಜಾರಿನಲ್ಲಿ ನಡೆಯೋಕೆ ಹಿಂಜರಿಯುತ್ತಾ?”

ಅದಕ್ಕೆ ಚಿಕ್ಕತಾಯಮ್ಮನವರ ದನಿ ಬಂತು. “ಆಟೋದಿಂದ ಇಳ್ಸೋಕೇ ಸಾಕುಸಾಕಾಗೋಯ್ತು ಸೋಮಿ. ಕಾಲು ಮುಂದಕ್ಕೇ ಇಕ್ಕದಿಲ್ಲ ಅಂತದೆ.”

ಡಾಕ್ಟರ ಮುಖ ಗಂಭೀರವಾಯಿತು. ಕಾರಣವನ್ನು ನನಗೆ ಆಮೇಲೆ ವಿವರಿಸಿದರು. ದನ ಮೇಯುವಾಗ ಮೇವಿನ ಜೊತೆ ಮೊಳೆ, ತಂತಿಯ ಚೂರು ಹೊಟ್ಟೆಗೆ ಹೋಗುವುದುಂಟು. ಅದು ಹೊಟ್ಟೆಯ ಗೋಡೆ ಚುಚ್ಚಿ ಮುಂದೆ ಸರಿದರೆ ಅಲ್ಲೇ ಎದೆ. ಎದೆ ಮುಟ್ಟಿದರೆ ಹಸು ಉಳಿಯುವುದಿಲ್ಲ. ಪತ್ತೆ ಮಾಡಲು ಒಂದು ಹಳೆಯ ಪರೀಕ್ಷೆ ಇದೆ. ಮುಂಗಾಲಿನ ಹಿಂದೆ, ಹೊಟ್ಟೆಯ ಕೆಳಗೆ ಒಂದು ಬೊಂಬು ತೂರಿಸಿ, ಇಬ್ಬರು ಎರಡು ತುದಿ ಹಿಡಿದು ಮೆಲ್ಲಗೆ ಎತ್ತಿ ಬಿಡಬೇಕು. ತಂತಿ ಇದ್ದರೆ ಚುಚ್ಚಿ ಹಸು ನರಳುತ್ತದೆ. ಜೋರಾಗಿ ಅಲ್ಲ, ಗಂಟಲೊಳಗೇ. ಅದಕ್ಕೇ ಕೊರಳ ಹತ್ತಿರ ಕಿವಿಯಿಡಬೇಕು.

ಡಾಕ್ಟರು ಹೇಳಿದಂತೆ ಬೊಂಬು ತೂರಿಸಿ, ಮಹದೇವ ಕೊರಳಿಗೆ ಫೋನು ಹಿಡಿದ. ಚಿಕ್ಕತಾಯಮ್ಮ ಒಂದು ತುದಿ, ಗಂಡ ಇನ್ನೊಂದು ತುದಿ. ಎತ್ತಿದರು. ಡಾಕ್ಟರು ಕಣ್ಣು ಮುಚ್ಚಿದರು. ಸ್ಪೀಕರಿನಿಂದ ಒಂದಿಷ್ಟೂ ಸದ್ದಿಲ್ಲ. ಇನ್ನೊಂದು ಸಲ ಎತ್ತಿಸಿದರು. ಏನೂ ಇಲ್ಲ.

“ನರಳ್ತಾ ಇಲ್ಲ. ಅಜೀರ್ಣ ಇರಬೇಕು” ಎಂದರು ಡಾಕ್ಟರು, ನಿಟ್ಟುಸಿರು ಬಿಟ್ಟು. “ಮಹದೇವ, ಹೊಟ್ಟೆ ಪುಡಿ ಕೊಟ್ಟು ಕಳಿಸು. ನಾಳೆ ನಾಡಿದ್ದು ಬಂದು ನೋಡ್ತೀನಿ.”

“ನರಳ್ತಾ ಅದೆ ಸೋಮಿ!” ಎಂದರು ಚಿಕ್ಕತಾಯಮ್ಮ. “ಎತ್ತಿದ್ ಸಲೀಲೂ ನರಳ್ತಾ ಅದೆ. ನನ್ ಕಿವೀಗೆ ಕೇಳ್ತಾ ಅದೆ.”

“ಅಮ್ಮಾ, ನಾನೂ ಕೇಳಿಸ್ಕೊಂಡೆ, ಏನೂ ಇಲ್ಲ. ನಿಮಗೆ ಹಸುವಿನ ಮೇಲೆ ಪ್ರೀತಿ, ಅದಕ್ಕೇ ಹಾಗನ್ನಿಸುತ್ತೆ.”

“ಪಿರೀತಿ ಇದ್ರೆ ಇಲ್ದಿರಾದು ಕೇಳುಸ್ತದಾ ಡಾಕ್ಟ್ರೇ? ಅಂಗಾರೆ ನಮ್ಮನೇವ್ರು ಮಾತಾಡಾದೂ ಕೇಳುಸ್ಬೇಕಾಗಿತ್ತಲ್ಲ!”

ನಾನು ನಕ್ಕುಬಿಟ್ಟೆ. ಡಾಕ್ಟರೂ ನಕ್ಕು ಕೀ ತಿರುಗಿಸುತ್ತ ಬಾಗಿಲ ಕಡೆ ನಡೆದರು. ಮಹದೇವನೂ ನಕ್ಕಿರಬೇಕು. ಆ ಕಡೆ ಚಿಕ್ಕತಾಯಮ್ಮ ಸುಮ್ಮನಾದರು. ಅವರು ಸುಮ್ಮನಾದ ಮೇಲೇ ನನಗೆ ಅನುಮಾನ ಬಂದದ್ದು. ಅವರ ಮಾತು ನಿಂತ ಕೂಡಲೇ ಫೋನಿನಲ್ಲಿ ಏನೂ ಉಳಿಯಲಿಲ್ಲ. ಮಳವಳ್ಳಿ ಬಸ್ ನಿಲ್ದಾಣದ ಪಕ್ಕದ ಅಂಗಳ, ಬೆಳಗಿನ ಹೊತ್ತು, ಒಂದು ಹಾರನ್ನಿಲ್ಲ, ಒಂದು ಕಾಗೆಯಿಲ್ಲ. ಅಷ್ಟು ವರ್ಷ ಆ ಲೈನು ಕೇಳಿದವಳಿಗೆ ಅದು ಸರಿ ಕಾಣಲಿಲ್ಲ.

“ಮಹದೇವ, ಅಲ್ಲಿ ಬಸ್ಸು ಯಾವುದಾದ್ರೂ ಹಾರನ್ ಮಾಡ್ತಿದೆಯಾ?”

“ಕಿವಿ ಕಿತ್ತೋಗಂಗೆ ಒತ್ತಾವ್ನೆ ಮೇಡಂ. ಮೈಸೂರ್ ಬಸ್ನೋನು.”

ನಮಗೆ ಇಲ್ಲಿ ಸೊಳ್ಳೆಯ ಸದ್ದೂ ಇಲ್ಲ.

“ಡಾಕ್ಟ್ರೇ, ಎರಡು ನಿಮಿಷ ನಿಲ್ಲಿ” ಎಂದೆ. ಸಾಹೇಬರ ಅಪ್ಪಣೆ ಕೇಳಬೇಕಿತ್ತು. ಅವರ ಲೈನು ಬಿಡುವಿರಲಿಲ್ಲ. ಬಿಡುವಿದ್ದಿದ್ದರೆ ಕೇಳುತ್ತಿದ್ದೆನೇ ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಮಳವಳ್ಳಿಯ ಬೆಲ್ಲ ತೆಗೆದು ಹಾಲು ಹಾಕಿದೆ. ಗದ್ದಲ ಒರೆಸುವುದನ್ನೂ, ಸುಮ್ಮನಿರುವಾಗ ಕಳಿಸದಿರುವುದನ್ನೂ ನಿಲ್ಲಿಸಿದೆ. ನಡೆಯುತ್ತಿರುವ ಕರೆಗೆ ಅದು ತಾಗುವುದಿಲ್ಲ, ಹೊಸ ಕರೆಗೇ ತಾಗುವುದು. “ಮಹದೇವ, ಇಟ್ಟು ಮತ್ತೆ ಮಾಡು” ಎಂದೆ.

ಮಾಡಿದ. ಇಡೀ ಮಳವಳ್ಳಿಯೇ ನನ್ನ ಮೇಜಿನ ಮೇಲೆ ಬಂದು ಬಿತ್ತು. ಮೈಸೂರು ಬಸ್ಸಿನ ಹಾರನ್, ಅದಕ್ಕೆ ಉತ್ತರ ಕೊಡುವ ಇನ್ನೊಂದು ಹಾರನ್, ಕಡಲೆಕಾಯಿಯವನ ಕೂಗು, ಕಾಗೆ, ಮಹದೇವನ ಹವಾಯಿ ಚಪ್ಪಲಿ. ಎಷ್ಟು ದಿನವಾಗಿತ್ತು ಕೇಳಿ! ನನಗೆ ತವರಿಗೆ ಹೋದಷ್ಟು ಖುಷಿಯಾಯಿತು.

“ಎತ್ತಿ” ಎಂದರು ಡಾಕ್ಟರು.

ಎತ್ತಿದರು. ಆ ಗದ್ದಲದ ಅಡಿಯಲ್ಲಿ, ಸಣ್ಣಗೆ, ಯಾರೋ ನೋವನ್ನು ಬಾಯೊಳಗೇ ಅದುಮಿಕೊಂಡ ಹಾಗೆ, ಹಸು ನರಳಿತು. ಡಾಕ್ಟರ ಕೈಯಲ್ಲಿ ಗಿರಗಿರ ತಿರುಗುತ್ತಿದ್ದ ಕೀ ನಿಂತುಹೋಯಿತು.

“ಇನ್ನೊಂದು ಸಲ ಎತ್ತಿ, ಖಚಿತ ಮಾಡ್ಕೋಬೇಕು.”

ಅಷ್ಟರಲ್ಲಿ ಸ್ಪೀಕರಿನಲ್ಲಿ ಒಂದು ಬಾಗಿಲು ಧಡಾರೆಂದಿತು. ಹಸುವಿನ ನರಳಾಟ ಹಾಲಿನ ಕೋಡೆಕ್‌ನಲ್ಲಿ ಹೊರಟಿತ್ತಲ್ಲ, ಮಳವಳ್ಳಿಯ ಸಣ್ಣ ಇಂಟರ್ನೆಟ್ಟನ್ನು ಪೂರ್ತಿ ಅದೇ ಹಿಡಿದುಕೊಂಡಿತ್ತು. ಒಳಗೆ ಕುಳಿತು ಮಾಲೀಕರಿಗೆ “ಎಷ್ಟು ಸ್ಪಷ್ಟ ನೋಡಿ ಸಾರ್” ಎನ್ನುತ್ತಿದ್ದ ರಾಮಕೃಷ್ಣಯ್ಯನವರ ಮಾತು “ಎ... ಪ... ನೋ... ಸಾ...” ಎಂದು ಚೂರುಚೂರಾಗಿ ಬೆಂಗಳೂರು ಸೇರುತ್ತಿತ್ತು. ಮಾಲೀಕರು ಏನೆಂದು ಕೇಳಿದ್ದೂ ಇವರಿಗೆ ಚೂರಾಗಿಯೇ ಬಂದಿರಬೇಕು. ಅಂಗಳಕ್ಕೆ ನುಗ್ಗಿದರು.

“ಯಾರ್ರೀ ಅದು ಲೈನು ತಿಂತಿರೋರು? ಕಟ್ ಮಾಡ್ರೀ ಮೊದ್ಲು! ಮಹದೇವ! ದನಕ್ಕೆ ಯಾಕಯ್ಯ ಫೋನು ಕೊಟ್ಟಿದ್ದೀಯ?”

ಇದೆಲ್ಲ ನಮಗೆ ಬಹಳ ಸ್ಪಷ್ಟವಾಗಿ ಕೇಳಿಸಿತು. ಹಾಲಿನ ಕೋಡೆಕ್ ಒಳ್ಳೆಯದು.

“ಯಾರಪ್ಪ ನೀನು?” ಎಂದರು ಚಿಕ್ಕತಾಯಮ್ಮ. “ಡಾಕ್ಟ್ರು ನಮ್ಮ ಅಸೀನ್ ಮಾತು ಕೇಳ್ತಾ ಅವ್ರೆ. ಕೂಗಾಡ್ಬೇಡ. ನಮ್ಮನೇವ್ರ ಕೈ ಸೋತೋಯ್ತು, ಈ ಬೊಂಬು ಇಡ್ಕೊ ಬಾ ವಸಿ.”

ಆಮೇಲಿನದನ್ನು ಮಹದೇವ ಹೇಳಿದ್ದು. ಸಾಹೇಬರು ಆಚೆ ಈಚೆ ನೋಡಿದರಂತೆ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ ಬೊಂಬು ಹಿಡಿದರಂತೆ. ಎತ್ತುವಾಗ ಹಸುವಿನ ಜೊತೆಗೆ ಅವರೂ ನರಳಿದರು, ಅದು ನಮಗೂ ಕೇಳಿಸಿತು. ಅವರಿಗೆ ಸೊಂಟ ನೋವಿತ್ತು.

“ಮೊದಲನೇದು ಹಸು, ಎರಡನೇದು ಮ್ಯಾನೇಜರ್ರು” ಎಂದು ಡಾಕ್ಟರು ವಿಂಗಡಿಸಿ, “ಮಹದೇವ, ಹಸು ಅಲ್ಲಾಡದಂಗೆ ನೋಡ್ಕೊ, ಬಂದೆ” ಎಂದವರೇ ಓಡಿದರು. ಜೀಪು ಮದ್ದೂರಿನ ದಾರಿ ಬಿಟ್ಟು ಮಳವಳ್ಳಿಯ ದಾರಿ ಹಿಡಿಯಿತು. ಶಿವಣ್ಣನಿಗೆ ಫೋನು ಮಾಡಿ ಎಮ್ಮೆಗಳನ್ನು ಸಂಜೆಯವರೆಗೆ ಸಂಭಾಳಿಸು ಎಂದೆ. ಅವನು ಹ್ಞೂಂ ಎಂದನೋ ಇಲ್ಲವೋ, ಆ ಲೈನು ಇನ್ನೂ ಬೆಲ್ಲದ್ದೇ.

ಅಂದೇ ಹೊಟ್ಟೆ ಕೊಯ್ದು ತೆಗೆದರು. ಮನೆ ಕಟ್ಟುವಾಗ ಕಬ್ಬಿಣ ಬಿಗಿಯುವ ಕಟ್ಟುತಂತಿ, ಒಂದು ಬೆರಳಿನುದ್ದ. ಇನ್ನೊಂದು ದಿನ ಬಿಟ್ಟಿದ್ದರೆ ಎದೆಗೆ ಹೋಗಿರುತ್ತಿತ್ತು ಎಂದು ಡಾಕ್ಟರು ಸಂಜೆ ಬಂದು ಹೇಳಿದರು. ಹೊಟ್ಟೆ ಪುಡಿ ಕೊಟ್ಟು ಕಳಿಸು ಎಂದದ್ದನ್ನು ತಾವೇ ಎರಡು ಸಲ ನೆನಪಿಸಿಕೊಂಡರು. ಟೀ ತರಿಸಿಕೊಟ್ಟೆ.

ಮಾರನೆಯ ದಿನ ರಾಮಕೃಷ್ಣಯ್ಯನವರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಂದು ನನ್ನನ್ನು ಕರೆದರು. ಬೈಗುಳಕ್ಕೆ ನಾನು ತಯಾರಾಗಿಯೇ ಹೋಗಿದ್ದೆ.

“ಹೇಳಿ. ಏನ್ಮಾಡೋಣ ಅಂತೀರಿ?”

“ಡಿಪೋ ಒಳಗಿನ ಫೋನಿಗೆ ಬೆಲ್ಲವೇ ಇರಲಿ ಸಾರ್. ಆ ಒರೆಸೋದೊಂದು ತೆಗೆದರೆ ಸಾಕು, ಶಿವಣ್ಣನ ಹ್ಞೂಂ ಬರುತ್ತೆ. ದನ ಬರೋ ಅಂಗಳದ ಫೋನಿಗೆ ಮಾತ್ರ ಹಾಲು.”

“ಅಂದ್ರೆ ನನಗೆ ಬೆಲ್ಲ, ದನಕ್ಕೆ ಹಾಲು!”

“ನಿಮ್ಮ ಮಾತು ಸರಿಯಾಗಿ ಕೇಳಿಸದಿದ್ದರೆ ‘ಇನ್ನೊಂದ್ಸಲ ಹೇಳಿ ಸಾರ್’ ಅಂತ ಕೇಳಬಹುದು. ಹಸುವನ್ನ ಹಾಗೆ ಕೇಳೋಕಾಗುತ್ತಾ ಸಾರ್?”

ಸಾಹೇಬರು ಸೊಂಟದ ಬೆಲ್ಟು ಸರಿಮಾಡಿಕೊಂಡರು. ಆಮೇಲೆ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮಳವಳ್ಳಿ ಡಿಪೋದಲ್ಲಿ ಒಂದು ಬೋರ್ಡು ಬರೆಸಿ ಹಾಕಿಸಿದರು: ದನ ಲೈನಿನಲ್ಲಿರುವಾಗ ಬೇರೆ ಯಾರೂ ಫೋನು ಎತ್ತಬಾರದು. ಕೆಳಗೆ ಅವರದೇ ಸಹಿ.

ಈಗಿನ ಕೋಡೆಕ್‌ಗಳು ಬಹಳ ಜಾಣ. ಲೈನು ದಪ್ಪವಿದ್ದರೆ ತಾವೇ ಹಿಗ್ಗುತ್ತವೆ, ಸಣ್ಣದಾದರೆ ತಾವೇ ಕುಗ್ಗುತ್ತವೆ, ನಾದಸ್ವರವೂ ಅಳುವುದಿಲ್ಲ. ಆದರೆ ಒರೆಸುವ ಚಾಳಿ ಮಾತ್ರ ಇನ್ನೂ ಹೆಚ್ಚಾಗಿದೆ. ಮಗು ಅತ್ತರೆ, ನಾಯಿ ಬೊಗಳಿದರೆ, ಕುಕ್ಕರ್ ಕೂಗಿದರೆ ಎಲ್ಲ ಒರೆಸಿ, ಮಾತಾಡುವವರು ಆಕಾಶದಲ್ಲಿ ಒಬ್ಬರೇ ಕುಳಿತಿದ್ದಾರೇನೋ ಎನ್ನುವಂತೆ ಮಾಡುತ್ತವೆ. ಅದನ್ನು ಹಾಕುವ ಮೊದಲು ಆ ಕಡೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತು, ಅಲ್ಲಿ ಏನೇನು ಸದ್ದಿದೆ, ಅದರಲ್ಲಿ ಯಾರಿಗೆ ಯಾವುದು ಬೇಕು ಎಂದು ಕೇಳಿಕೊಂಡು ಬನ್ನಿ. ಬಸ್ ಚಾರ್ಜು ಕಂಪನಿ ಕೊಡದಿದ್ದರೂ ಹೋಗಿ.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದವಳಾಗಿ ಕಾಣುತ್ತೇನೆ, ಚೆನ್ನಾಗಿಯೂ ಇರುತ್ತದೆ. ಆದರೆ ಚಿಕ್ಕತಾಯಮ್ಮ ಬಿಡಲಿಲ್ಲ.

ಗಾಯ ಮಾಗಿ, ಹಸು ಕರು ಹಾಕಿದ ಮೇಲೆ ಅವರು ಮಂಡ್ಯದ ಆಫೀಸಿಗೇ ಬಂದರು. ಸ್ಟೀಲ್ ಡಬ್ಬಿಯ ತುಂಬ ಗಿಣ್ಣು. ಏಲಕ್ಕಿಯ ಘಮ ಮೆಟ್ಟಿಲಿನವರೆಗೂ ಬಂತು. ಡಾಕ್ಟರಿಗೆ ಒಂದು ದೊಡ್ಡ ತುಂಡು, ನನಗೊಂದು. ರಾಮಕೃಷ್ಣಯ್ಯನವರಿಗೆ ಕೊಡುವಾಗ “ಬೊಂಬು ಇಡ್ದಿದ್ಕೆ ಕೊಡ್ತಾ ಇವ್ನಿ, ಕೂಗಾಡಿದ್ದು ನಾನ್ ಮರ್ತಿಲ್ಲ” ಎಂದರು. ಸಾಹೇಬರು ಕೈ ಮುಗಿದು ತೆಗೆದುಕೊಂಡರು. ಎಲ್ಲರೂ ನನ್ನ ಮೇಜಿನ ಸುತ್ತ ನಿಂತು ತಿನ್ನುತ್ತಿದ್ದೆವು.

“ಅಲ್ಲ ಸಕೀಲಮ್ಮ, ಅವತ್ತು ಏನ್ ಮಾಡ್ದವ್ವ ನೀನು? ಅದ್ಯಾವ್ದು ಮಿಸಿನ್ನು, ತೋರ್ಸು” ಎಂದರು. ಕಂಪ್ಯೂಟರು ತೋರಿಸಿದೆ. ಹಾಲು, ಬೆಲ್ಲದ ಕಥೆಯನ್ನು ಇನ್ನೊಮ್ಮೆ ಹೇಳಿದೆ. ಆಲೆಮನೆ ನೋಡಿದವರು, ಕೂಡಲೇ ತಿಳಿದುಕೊಂಡರು.

“ಅಂಗಾರೆ ಮೊದಲ್ನೇ ಸಲೀಲಿ ಅಸ ನರಳಿದ್ದು ಇಲ್ಲೀಗಂಟ ಬರ್ನಿಲ್ಲ.”

“ಇಲ್ಲ ಕಣಮ್ಮ, ಬರಲಿಲ್ಲ.”

“ನಾನ್ ಏಳಿದ್ದು?”

“ನೀವು ಹೇಳಿದ್ದು ಬಂತು.”

“ಸಂದಾಗ್ ಬಂತಾ?”

“ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಬಂತು.”

“ನರಳ್ತಾ ಅದೆ ಅಂದಿದ್ದೂ?”

“ಅದೂ ಬಂತು.”

ಚಿಕ್ಕತಾಯಮ್ಮ ಕಂಪ್ಯೂಟರನ್ನು ಒಮ್ಮೆ ನೋಡಿದರು. ನನ್ನನ್ನು, ಡಾಕ್ಟರನ್ನು ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ.

“ಅಂಗಾರೆ ಮಿಸಿನ್ನು ಅವಾಗ್ಲೂ ಸರ್ಯಾಗೇ ಇತ್ತಲ್ಲವ್ವ” ಎಂದರು. ಖಾಲಿ ಡಬ್ಬಿಯ ಮುಚ್ಚಳ ಒತ್ತಿ, ಮಳವಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಡಾಕ್ಟರು ಕೈಯಲ್ಲಿದ್ದ ಗಿಣ್ಣಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಬಸ್ಸಿನ ಹಾರನ್ ಇಲ್ಲದ್ದನ್ನು ಗಮನಿಸಿದ ನಾನು, ಅಷ್ಟು ಸ್ಪಷ್ಟವಾಗಿ ಬಂದ ಚಿಕ್ಕತಾಯಮ್ಮನವರ ಮಾತನ್ನು ನಂಬದೆ ನಕ್ಕಿದ್ದೆ. ನನಗೆ ತುಂಬ ನಾಚಿಕೆಯಾಯಿತು.